ಹ್ಯಾನಿಬಾಲನ ದಂಡಿಗೆ ಒಂದೇ ಭಾಷೆ ಇರಲಿಲ್ಲ

ಪ್ರಶ್ನೆ: ಕ್ರಿ.ಪೂ. 216ರಲ್ಲಿ ದಕ್ಷಿಣ ಇಟಲಿಯ ಕ್ಯಾನೆಯಲ್ಲಿ ರೋಮಿನ ಸೇನೆಯನ್ನೇ ಅಳಿಸಿಹಾಕಿದ, ಉತ್ತರ ಆಫ್ರಿಕದ ಕಾರ್ತೇಜ್ ರಾಜ್ಯದ ಸೇನಾಪತಿ ಹ್ಯಾನಿಬಾಲ್ ಅಲ್ಲಿಂದ ನೇರವಾಗಿ ರೋಮ್ ನಗರಕ್ಕೆ ಏಕೆ ನುಗ್ಗಲಿಲ್ಲ? ಅವನ ಸೇನೆಯ ತುಂಬ ಹಣಕ್ಕಾಗಿ ಕಾದಾಡುವ ಬಾಡಿಗೆ ಸೈನಿಕರೇ ಇದ್ದರು, ಅವರಿಗೆ ನಿಷ್ಠೆ ಇರಲಿಲ್ಲ, ಹಾಗಾಗಿಯೇ ಕೊನೆಗೆ ಸೋತ ಎಂದು ಓದಿದ್ದೇನೆ. ಇದು ಸರಿಯೇ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಮೊದಲನೆಯದಕ್ಕೆ ಬೇಗ ಉತ್ತರ ಹೇಳಿಬಿಡಬಹುದು. ಎರಡನೆಯದು ನನ್ನನ್ನು ಹಲವು ವರ್ಷ ಹಿಡಿದಿಟ್ಟಿರುವ ವಿಷಯ, ಅದಕ್ಕೆ ನಿಮ್ಮ ತಾಳ್ಮೆ ಬೇಕಾಗುತ್ತದೆ.

ಕೈಗೆ ಬಂದ ತುತ್ತನ್ನು ಹ್ಯಾನಿಬಾಲ್ ಬಾಯಿಗೆ ಇಟ್ಟುಕೊಳ್ಳಲಿಲ್ಲ ಎಂಬ ಮಾತು ಹುಟ್ಟಿದ್ದು ರೋಮಿನ ಇತಿಹಾಸಕಾರ ಲಿವಿಯ ಬರಹದಿಂದ. ಯುದ್ಧ ಮುಗಿದೊಡನೆ ಕುದುರೆ ಸವಾರರ ನಾಯಕ ಮಹರ್ಬಾಲ್, ‘ನನ್ನನ್ನು ಮುಂದೆ ಕಳುಹಿಸು, ಐದನೆಯ ದಿನ ನೀನು ರೋಮಿನ ಕ್ಯಾಪಿಟೊಲ್ ಗುಡ್ಡದ ಮೇಲೆ ವಿಜಯದ ಊಟ ಮಾಡುವೆ’ ಎಂದನಂತೆ. ಹ್ಯಾನಿಬಾಲ್ ಒಪ್ಪದಿದ್ದಾಗ, ‘ನಿನಗೆ ಗೆಲ್ಲುವುದು ಗೊತ್ತು, ಗೆಲುವನ್ನು ಬಳಸಿಕೊಳ್ಳುವುದು ಗೊತ್ತಿಲ್ಲ’ ಎಂದನಂತೆ. ಲಿವಿ ಇದನ್ನು ಬರೆದದ್ದು ಸುಮಾರು ಇನ್ನೂರು ವರ್ಷಗಳ ನಂತರ. ಮಾತು ಚೆನ್ನಾಗಿದೆ, ಆದರೆ ನೆಲದ ಲೆಕ್ಕಕ್ಕೆ ಕೂಡುವುದಿಲ್ಲ. ಕ್ಯಾನೆಯಿಂದ ರೋಮಿಗೆ ಸುಮಾರು 400 ಕಿಲೋಮೀಟರು. ಸವಾರರು ಐದು ದಿನದಲ್ಲಿ ತಲುಪಬಹುದಿತ್ತು, ಆದರೆ ಕೋಟೆಯನ್ನು ಕುದುರೆಗಳು ಹತ್ತುವುದಿಲ್ಲ. ರೋಮಿನ ಸುತ್ತ ಹನ್ನೊಂದು ಕಿಲೋಮೀಟರು ಉದ್ದದ ಕಲ್ಲಿನ ಗೋಡೆ ಇತ್ತು. ಮುತ್ತಿಗೆ ಹಾಕಿದ ಸೇನೆ ಒಂದೇ ಕಡೆ ಕೂರಬೇಕು. ಆಳಿಗೆ ದಿನಕ್ಕೆ ಒಂದು ಕಿಲೋ ಧಾನ್ಯ ಎಂದು ಹಿಡಿದರೂ ನಲವತ್ತು ಸಾವಿರ ಕಾಲಾಳುಗಳಿಗೆ ದಿನಕ್ಕೆ 400 ಕ್ವಿಂಟಾಲ್ ಬೇಕು. ಹತ್ತು ಸಾವಿರ ಕುದುರೆಗಳ ಮೇವು ಬೇರೆ. ಅಲೆಯುವ ಸೇನೆ ಅದನ್ನು ಊರೂರಿನ ಹೊಲ, ಕಣಜಗಳಿಂದ ದೋಚಿಕೊಳ್ಳುತ್ತದೆ. ಕೂತ ಸೇನೆಗೆ ಆ ದಾರಿ ಇಲ್ಲ.

ಇದು ಊಹೆಯ ಮಾತಲ್ಲ. ಸ್ಪೇನಿನ ಸಗುಂಟಂ ಊರನ್ನು ಹಿಡಿಯಲು ಅವನಿಗೆ ಕ್ರಿ.ಪೂ. 219ರಲ್ಲಿ ಎಂಟು ತಿಂಗಳು ಬೇಕಾಗಿತ್ತು. ಕ್ಯಾನೆಯ ಗೆಲುವಿನ ಹಿಂದೆಯೇ, ಅದೇ ಚಳಿಗಾಲದಲ್ಲಿ, ಕಾಪುವಾದ ಬಳಿಯ ಕಾಸಿಲಿನಂ ಎಂಬ ಸಣ್ಣ ಊರು ಅವನನ್ನು ತಡೆದು ನಿಲ್ಲಿಸಿತು. ಒಳಗಿದ್ದದ್ದು ಸಾವಿರದಷ್ಟು ಮಂದಿಯ ಕಾವಲು ಪಡೆ. ಅವರು ಇಲಿ ತಿಂದರು, ಗುರಾಣಿಯ ಚರ್ಮವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿಕೊಂಡು ಅಗಿದರು. ಗೋಡೆಯ ಹೊರಗಿನ ಗೆಡ್ಡೆ, ಸೊಪ್ಪು ಅವರಿಗೆ ಸಿಗಬಾರದೆಂದು ಹ್ಯಾನಿಬಾಲ್ ನೆಲವನ್ನೇ ನೇಗಿಲಿನಿಂದ ಉತ್ತುಹಾಕಿಸಿದರೆ, ಅವರು ಮೇಲಿನಿಂದ ಟರ್ನಿಪ್ ಬೀಜ ಎರಚಿದರು. ‘ಇವು ಮೊಳೆತು ಬರುವ ತನಕ ನಾನು ಇಲ್ಲೇ ಕೂರಬೇಕೆ’ ಎಂದು ಅವನು ಉದ್ಗರಿಸಿದ ಎಂದು ಅದೇ ಲಿವಿ ಬರೆಯುತ್ತಾನೆ. ಸಾವಿರ ಮಂದಿಯ ಊರೇ ಹೀಗೆ ಮಾಡಿದ ಮೇಲೆ ರೋಮಿನ ಮಾತೇನು?

ಅವನ ಲೆಕ್ಕಾಚಾರವೇ ಬೇರೆ ಇತ್ತು. ಮೂರು ದೊಡ್ಡ ಸೋಲು ಕಂಡ ರಾಜ್ಯ ಸಂಧಿಗೆ ಬರುತ್ತದೆ ಎಂಬುದು ಅಂದಿನ ಮೆಡಿಟರೇನಿಯನ್ ಜಗತ್ತಿನ ರೂಢಿ. ಸೆರೆಯಾಳುಗಳ ಬಿಡುಗಡೆಯ ನೆಪದಲ್ಲಿ ಮಾತುಕತೆಗೆ ದೂತನನ್ನೂ ಕಳುಹಿಸಿದ. ರೋಮ್ ದೂತನನ್ನು ಊರೊಳಗೆ ಬಿಡಲಿಲ್ಲ, ಹಣ ಕೊಟ್ಟು ತನ್ನವರನ್ನು ಬಿಡಿಸಿಕೊಳ್ಳಲೂ ಇಲ್ಲ. ಅವನ ಲೆಕ್ಕ ತಪ್ಪಿದ್ದು ಇಲ್ಲಿ, ಮಹರ್ಬಾಲನ ಮಾತು ಕೇಳದೆ ಇದ್ದುದರಲ್ಲಲ್ಲ.

ಇನ್ನು ಎರಡನೆಯ ಪ್ರಶ್ನೆ. ನೀವು ಓದಿದ ಮಾತು ತಪ್ಪು ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಆ ಸೈನಿಕರಿಗೆ ಅಂಟಿಸಿದ ‘ಬಾಡಿಗೆಯವರು’ ಎಂಬ ಹಣೆಪಟ್ಟಿ ಎರಡು ಸಾವಿರ ವರ್ಷಗಳಿಂದ ಅವರಿಗೆ ಆಗುತ್ತಿರುವ ಅನ್ಯಾಯ.

ಆದರೆ ಆ ಹಣೆಪಟ್ಟಿಗೆ ಒಂದು ಹಿನ್ನೆಲೆ ಇದೆ. ರೋಮಿನೊಡನೆ ನಡೆದ ಮೊದಲ ಯುದ್ಧ ಕ್ರಿ.ಪೂ. 241ರಲ್ಲಿ ಸೋಲಿನಲ್ಲಿ ಮುಗಿದಾಗ, ಸಿಸಿಲಿಯಲ್ಲಿ ಕಾರ್ತೇಜಿಗಾಗಿ ಕಾದಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಬಾಕಿ ಸಂಬಳಕ್ಕಾಗಿ ಆಫ್ರಿಕಕ್ಕೆ ಬಂದಿಳಿದರು. ಖಜಾನೆ ಬರಿದಾಗಿತ್ತು. ಕಾರ್ತೇಜಿನ ಹಿರಿಯರು ಎಲ್ಲರನ್ನೂ ಸಿಕ್ಕಾ ಎಂಬ ಊರಿಗೆ ಸಾಗಹಾಕಿ ಸಂಬಳದಲ್ಲಿ ಚೌಕಾಸಿಗೆ ಇಳಿದರು. ಸೈನಿಕರಲ್ಲಿ ಲಿಬಿಯನ್ನರು, ಇಬೇರಿಯದವರು (ಅಂದರೆ ಸ್ಪೇನಿನವರು), ಗಾಲರು, ಲಿಗುರಿಯದವರು, ಬಾಲಿಯಾರಿಕ್ ದ್ವೀಪಗಳ ಕವಣೆಗಾರರು, ಅರೆ ಗ್ರೀಕರು ಎಲ್ಲ ಇದ್ದರು. ಅಷ್ಟೂ ಭಾಷೆ ಬಲ್ಲ ಸೇನಾಪತಿ ಯಾರೂ ಇರಲಿಲ್ಲ. ಒಂದೊಂದು ಗುಂಪಿನ ಮುಖಂಡನ ಮೂಲಕ ಹೇಳಿಸಿದರೆ, ಆ ಮುಖಂಡರು ಕೆಲವೊಮ್ಮೆ ಅರ್ಥವಾಗದೆ, ಕೆಲವೊಮ್ಮೆ ಬೇಕೆಂದೇ, ಬೇರೆ ಏನನ್ನೋ ಹೇಳುತ್ತಿದ್ದರು. ಕೊನೆಗೆ ಆ ಜನಸಾಗರಕ್ಕೆಲ್ಲ ಅರ್ಥವಾಗುತ್ತಿದ್ದ ಶಬ್ದ ಒಂದೇ ಒಂದಾಗಿತ್ತು ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ. ಅದು ‘ಹೊಡಿ!’ ಎಂಬುದು. ರಾಜಿಯ ಮಾತಾಡಲು ಎದ್ದವನಿಗೆಲ್ಲ ಕಲ್ಲಿನೇಟು. ದಂಗೆ ಮೂರು ವರ್ಷಕ್ಕೂ ಮೀರಿ ನಡೆಯಿತು. ಎರಡೂ ಕಡೆಯವರು ಮಾಡಿದ ಕ್ರೌರ್ಯವನ್ನು ಓದಲು ಗಟ್ಟಿ ಮನಸ್ಸು ಬೇಕು.

ಆ ದಂಗೆಯನ್ನು ಅಡಗಿಸಿದವರಲ್ಲಿ ಮುಖ್ಯನಾದವನು ಹಮಿಲ್ಕಾರ್ ಬಾರ್ಕಾ, ಹ್ಯಾನಿಬಾಲನ ತಂದೆ. ಹ್ಯಾನಿಬಾಲ್ ಹುಟ್ಟಿದ್ದು ಕ್ರಿ.ಪೂ. 247ರಲ್ಲಿ. ಒಂಬತ್ತರ ವಯಸ್ಸಿನಲ್ಲಿ ತಂದೆಯ ಕೈಹಿಡಿದು ಸ್ಪೇನಿಗೆ ಹೋದ ಅವನು ಬೆಳೆದದ್ದೇ ಇಂಥ ಹಲವು ಭಾಷೆಗಳ ಬಿಡಾರಗಳಲ್ಲಿ. ಸಂಬಳ ಸಿಗದ, ಮಾತು ತಲುಪದ ಸೇನೆ ಏನಾಗುತ್ತದೆ ಎಂಬುದು ಅವನ ಮನೆಯಲ್ಲೇ ಗೊತ್ತಿದ್ದ ಪಾಠ. ಅವನ ಮುಂದಿನ ನಡೆಗಳನ್ನೆಲ್ಲ ನಾನು ಈ ಪಾಠದ ಬೆಳಕಿನಲ್ಲಿಯೇ ಓದುತ್ತೇನೆ.

ಹಾಗಾದರೆ ಅವನ ದಂಡಿನಲ್ಲಿ ಇದ್ದವರು ಯಾರು? ಲಿಬಿಯದ ಕಾಲಾಳುಗಳು ಕಾರ್ತೇಜಿನ ಆಳ್ವಿಕೆಯ ಪ್ರಜೆಗಳು, ಕಡ್ಡಾಯವಾಗಿ ಸೇನೆಗೆ ಸೇರಿದವರು. ಕಡಿವಾಣವೇ ಇಲ್ಲದೆ ಕುದುರೆ ಓಡಿಸುವ, ಉತ್ತರ ಆಫ್ರಿಕದ ನುಮಿಡಿಯದ ಸವಾರರು ತಮ್ಮ ಅರಸರ ಮೈತ್ರಿಯಿಂದ ಬಂದವರು. ಇಬೇರಿಯದವರಲ್ಲಿ ಸೋತು ಸೇರಿದವರೂ ಇದ್ದರು, ಸ್ನೇಹದಿಂದ ಬಂದವರೂ ಇದ್ದರು. ಉತ್ತರ ಇಟಲಿಯ ಗಾಲರಿಗೆ ತಮ್ಮದೇ ಹಗೆ ಇತ್ತು. ಅವರ ನೆಲದಲ್ಲಿ ರೋಮ್ ಆಗಷ್ಟೇ ವಸಾಹತು ಊರುಗಳನ್ನು ಹೂಡಿತ್ತು. ಬರೀ ಕೂಲಿಗೆ ಬಂದವರೆಂದರೆ ಬಾಲಿಯಾರಿಕ್ ಕವಣೆಗಾರರಂಥ ಕೆಲವರು ಮಾತ್ರ. ಅಪ್ಪಟ ಕಾರ್ತೇಜಿನವರು ಬಹುಮಟ್ಟಿಗೆ ಅಧಿಕಾರಿಗಳ ಸ್ಥಾನದಲ್ಲಿದ್ದರು.

ಆನೆಗಳ ವಿಷಯ ಕೇಳದೆ ನಮ್ಮವರು ಬಿಡುವುದಿಲ್ಲ, ಹೇಳುತ್ತೇನೆ. 37 ಆನೆಗಳಿದ್ದವು, ಹೆಚ್ಚಿನವು ಉತ್ತರ ಆಫ್ರಿಕದ ಸಣ್ಣ ಜಾತಿಯವು. ರೋನ್ ನದಿ ದಾಟಿಸಲು ತೆಪ್ಪಗಳ ಮೇಲೆ ಮಣ್ಣು ಹರಡಿ ನೆಲದಂತೆ ಕಾಣಿಸಿ, ಎರಡು ಹೆಣ್ಣಾನೆಗಳನ್ನು ಮುಂದೆ ನಡೆಸಿದರು. ನಡುನೀರಿನಲ್ಲಿ ಬೆದರಿದ ಕೆಲವು ಆನೆಗಳು ನದಿಗೆ ಹಾರಿದವು. ಅವುಗಳ ಮಾವುತರು ಮುಳುಗಿ ಸತ್ತರು. ಆನೆಗಳು ಸೊಂಡಿಲು ಮೇಲೆತ್ತಿ ಉಸಿರಾಡುತ್ತ ನದಿಯ ತಳದಲ್ಲೇ ನಡೆದು ಆಚೆ ದಡ ಸೇರಿದವು. ಇಲ್ಲಿ ಪಾಲಿಬಿಯಸ್ ಮಾವುತರನ್ನು ಕರೆಯುವ ಗ್ರೀಕ್ ಪದ ‘ಇಂದೋಯ್’, ಅಂದರೆ ಭಾರತದವರು. ಅಲೆಕ್ಸಾಂಡರನ ಕಾಲದ ನಂತರ ಆನೆ ಪಳಗಿಸುವ ವಿದ್ಯೆ ನಮ್ಮ ಕಡೆಯಿಂದ ಅತ್ತ ಹೋಗಿ, ಮಾವುತ ಯಾವ ನೆಲದವನೇ ಆಗಿರಲಿ, ಅವನಿಗೆ ಆ ಹೆಸರೇ ನಿಂತುಬಿಟ್ಟಿತ್ತು. ರೋನ್ ನದಿಯಲ್ಲಿ ಮುಳುಗಿದ ಆ ಮಾವುತರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಯುದ್ಧದ ದೃಷ್ಟಿಯಿಂದ ಆನೆಗಳು ಇಟಲಿಯಲ್ಲಿ ದೊಡ್ಡ ಕೆಲಸವನ್ನೇನೂ ಮಾಡಲಿಲ್ಲ. ಟ್ರೆಬಿಯ ಯುದ್ಧದ ನಂತರದ ಚಳಿಯಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸತ್ತವು.

ಇಂಥ ದಂಡನ್ನು ಅವನು ಹೇಗೆ ಹಿಡಿದಿಟ್ಟ?

ಹೊರಡುವ ಮೊದಲೇ ಸ್ಪೇನಿನ ಸಾವಿರಾರು ಸೈನಿಕರನ್ನು ಆಫ್ರಿಕದ ಕಾವಲಿಗೆ ಕಳುಹಿಸಿ, ಆಫ್ರಿಕದವರನ್ನು ಸ್ಪೇನಿನ ಕಾವಲಿಗೆ ಕರೆಸಿಕೊಂಡ. ಇವರು ಅವರಿಗೆ ಒತ್ತೆ, ಅವರು ಇವರಿಗೆ ಒತ್ತೆ. ಇದು ಸೇನಾಪತಿಯ ಕಠಿಣ ಲೆಕ್ಕ. ಅದೇ ಕಾಲಕ್ಕೆ ಮನಸ್ಸಿಲ್ಲದವರನ್ನು ಎಳೆದೊಯ್ಯಲಿಲ್ಲ. ದಾರಿಯಲ್ಲಿ ಕಾರ್ಪೆಟಾನಿ ಕುಲದ ಮೂರು ಸಾವಿರ ಮಂದಿ ಬಿಟ್ಟು ಹೋದಾಗ, ಅವರನ್ನು ಅಟ್ಟಿ ಹಿಡಿಯುವ ಬದಲು, ಹಿಂಜರಿಯುತ್ತಿದ್ದ ಇನ್ನೂ ಏಳು ಸಾವಿರ ಮಂದಿಯನ್ನು ತಾನೇ ಊರಿಗೆ ಕಳುಹಿಸಿಕೊಟ್ಟ. ಬಿಟ್ಟುಹೋದವರೂ ತನ್ನ ಅಪ್ಪಣೆಯಿಂದಲೇ ಹೋದಂತೆ ಕಾಣಲಿ ಎಂಬ ಜಾಣತನ ಅದರಲ್ಲಿತ್ತು. ಅರೆಮನಸ್ಸಿನವರ ಜೊತೆ ಆಲ್ಪ್ಸ್ ಹತ್ತಲಾಗದು ಎಂಬ ತಿಳಿವಳಿಕೆಯೂ ಇತ್ತು.

ಪೈರಿನೀಸ್ ಬೆಟ್ಟಗಳ ಆಚೆಗೆ ಅವನ ಜೊತೆ ನಡೆದವರು 50,000 ಕಾಲಾಳು, 9,000 ಸವಾರರು. ಆಲ್ಪ್ಸ್ ಇಳಿದಾಗ ಉಳಿದದ್ದು 20,000 ಕಾಲಾಳು, 6,000 ಸವಾರರು. ಕಾಲಾಳುಗಳಲ್ಲಿ ಆಫ್ರಿಕದವರು 12,000, ಇಬೇರಿಯದವರು 8,000. ಈ ಕೊನೆಯ ಅಂಕಿಗಳನ್ನು ನಾನು ನಂಬುತ್ತೇನೆ. ದಕ್ಷಿಣ ಇಟಲಿಯ ಲಾಸಿನಿಯಂ ಭೂಶಿರದ ದೇವಾಲಯದಲ್ಲಿ ಹ್ಯಾನಿಬಾಲ್ ತಾನೇ ಬರೆಸಿ ಇರಿಸಿದ ಕಂಚಿನ ಶಾಸನವನ್ನು ಪಾಲಿಬಿಯಸ್ ಕಣ್ಣಾರೆ ಓದಿ ಇವನ್ನು ಬರೆದುಕೊಂಡ. ತನ್ನ ನಷ್ಟ ಎಷ್ಟೆಂದು ಓದುವವರಿಗೆ ತಿಳಿಯುವಂತೆ ಅಂಕಿ ಕೆತ್ತಿಸಿದ ಸೇನಾಪತಿಗಳು ಇತಿಹಾಸದಲ್ಲಿ ಹೆಚ್ಚು ಮಂದಿ ಸಿಗುವುದಿಲ್ಲ.

ಉಳಿದವರನ್ನು ಅವನು ನೋಡಿಕೊಂಡ ರೀತಿ ಸಣ್ಣ ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಕ್ರಿ.ಪೂ. 218ರ ಡಿಸೆಂಬರಿನಲ್ಲಿ, ಟ್ರೆಬಿಯ ನದಿಯ ಯುದ್ಧದ ಬೆಳಿಗ್ಗೆ ಹಿಮ ಬೀಳುತ್ತಿತ್ತು. ರೋಮನ್ನರು ಉಪಾಹಾರವಿಲ್ಲದೆ, ಎದೆಮಟ್ಟದ ಕೊರೆಯುವ ನೀರು ದಾಟಿ ನಡುಗುತ್ತ ಬಂದರು. ಹ್ಯಾನಿಬಾಲನ ಸೈನಿಕರು ಊಟ ಮುಗಿಸಿ, ಬೆಂಕಿಯ ಸುತ್ತ ಕೂತು ಮೈಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದರು. ಮರುವರ್ಷ ಟ್ರಾಸಿಮೀನ್ ಸರೋವರದ ಗೆಲುವಿನ ನಂತರ ಏಡ್ರಿಯಾಟಿಕ್ ಕರಾವಳಿಗೆ ಬಂದಾಗ, ಕಜ್ಜಿ ಹಿಡಿದಿದ್ದ ಕುದುರೆಗಳ ಮೈಯನ್ನು ಹಳೆಯ ದ್ರಾಕ್ಷಾರಸದಿಂದ ತೊಳೆಸಿದ. ಗಾಯಾಳುಗಳಿಗೆ ಮೈ ಚೇತರಿಸಿಕೊಳ್ಳಲು ಬಿಡುವು ಕೊಟ್ಟ. ಆಫ್ರಿಕದ ಕಾಲಾಳುಗಳಿಗೆ ರೋಮನ್ನರಿಂದ ಕಿತ್ತುಕೊಂಡ ಆಯುಧಗಳಲ್ಲಿ ಒಳ್ಳೆಯವನ್ನು ಆರಿಸಿ ತೊಡಿಸಿದ. ತಾನು ಮಾತ್ರ ಸೈನಿಕರ ಹೊದಿಕೆ ಹೊದ್ದು ಪಹರೆಯವರ ನಡುವೆ ಬರಿನೆಲದಲ್ಲಿ ಮಲಗುತ್ತಿದ್ದ. ಈ ಮಾತನ್ನು ಬರೆದದ್ದು ಅವನನ್ನು ದ್ವೇಷಿಸುತ್ತಿದ್ದ ಲಿವಿ ಎಂಬುದನ್ನು ಗಮನಿಸಿ. ಆರ್ನೊ ನದಿಯ ಜೌಗಿನಲ್ಲಿ ನಾಲ್ಕು ದಿನ, ಮೂರು ರಾತ್ರಿ ನಿಲ್ಲದೆ ನಡೆದಾಗ ಅವನ ಒಂದು ಕಣ್ಣೇ ಹೋಯಿತು.

ನಮ್ಮ ಹಳೆಗನ್ನಡ ಕಾವ್ಯಗಳಲ್ಲಿ, ವೀರಗಲ್ಲುಗಳ ಲೋಕದಲ್ಲಿ ‘ಜೋಳವಾಳಿ’ ಎಂಬ ಮಾತಿದೆ, ಉಣಿಸಿದ ಒಡೆಯನಿಗೆ ಆಳು ತೀರಿಸಬೇಕಾದ ಅನ್ನದ ಋಣ. ಹ್ಯಾನಿಬಾಲನ ಬಿಡಾರದಲ್ಲಿ ಹುಟ್ಟಿದ ಸಂಬಂಧವನ್ನು ಹೇಳಲು ನನಗೆ ಇದಕ್ಕಿಂತ ಹತ್ತಿರದ ಪದ ಸಿಕ್ಕಿಲ್ಲ.

ಆದರೆ ಅವನನ್ನು ದೇವರ ಪಟ್ಟಕ್ಕೆ ಏರಿಸುವುದೂ ಬೇಡ. ಗಾಲರ ವಿಷಯದಲ್ಲಿ ಅವನ ಲೆಕ್ಕ ನಿರ್ದಯವಾಗಿತ್ತು. ಜೌಗಿನ ನಡಿಗೆಯಲ್ಲಿ ಅವರನ್ನು ನಡುವೆ ಇರಿಸಿ, ಹಿಂದಿರುಗಿ ಓಡದಂತೆ ತಡೆಯಲು ತನ್ನ ತಮ್ಮನಾದ ಮಾಗೋನ ಸವಾರರನ್ನು ಬೆನ್ನಿಗೆ ನಿಲ್ಲಿಸಿದ್ದ. ಮೊದಲ ಚಳಿಗಾಲದಲ್ಲಿ ಅವರಲ್ಲೇ ಯಾರಾದರೂ ಕೊಂದಾರೆಂದು ಬಗೆಬಗೆಯ ಕೃತಕ ಕೂದಲು, ಅದಕ್ಕೆ ಹೊಂದುವ ಬಟ್ಟೆ ಮಾಡಿಸಿಕೊಂಡು ವೇಷ ಬದಲಿಸುತ್ತಿದ್ದ. ಕ್ಯಾನೆಯಲ್ಲಿ ಬಿಲ್ಲಿನಂತೆ ಮುಂದಕ್ಕೆ ಬಾಗಿದ ಸಾಲಿನ ನಡುವೆ ಗಾಲರನ್ನೂ ಇಬೇರಿಯದವರನ್ನೂ ನಿಲ್ಲಿಸಿದ. ರೋಮಿನ 80,000 ಕಾಲಾಳುಗಳ ಭಾರವೆಲ್ಲ ಬಿದ್ದದ್ದು ಅವರ ಮೇಲೆ. ಅವರು ಒಂದೊಂದೇ ಹೆಜ್ಜೆ ಹಿಂದೆ ಸರಿದಂತೆ ರೋಮನ್ನರು ಚೀಲದೊಳಗೆ ಇಳಿದಂತೆ ಇಳಿದರು. ಎರಡೂ ಅಂಚಿನಲ್ಲಿದ್ದ ಆಫ್ರಿಕದವರು ಒಳಮುಖವಾಗಿ ತಿರುಗಿದರು. ಸವಾರರು ಬೆನ್ನಿಗೆ ಬಂದು ಚೀಲದ ಬಾಯಿ ಕಟ್ಟಿದರು. ಹ್ಯಾನಿಬಾಲನ ಕಡೆ ಸತ್ತ 5,700 ಮಂದಿಯಲ್ಲಿ 4,000 ಗಾಲರು ಎಂದು ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಈ ಅಂಕಿ ಓದಿದರೆ ಯಾರಿಗಾದರೂ ಸಿಟ್ಟು ಬರಬೇಕು. ಆದರೆ ಆ ದಿನ ಹ್ಯಾನಿಬಾಲನೂ ಮಾಗೋನೂ ನಿಂತಿದ್ದದ್ದು ಆ ನಡುಸಾಲಿನಲ್ಲೇ, ಗಾಲರ ಜೊತೆಗೇ. ಸೋತು ಓಡಿದಂತೆ ನಟಿಸುವುದು ಸುಲಭ. ನಿಜವಾದ ಒತ್ತಡದಲ್ಲಿ ಸಾಲು ಮುರಿಯದೆ ಹಿಂದೆ ಸರಿಯುವುದು ಕಾಲಾಳುಗಳ ಕೆಲಸಗಳಲ್ಲೆಲ್ಲ ಕಷ್ಟದ್ದು. ಸೇನಾಪತಿ ಪಕ್ಕದಲ್ಲಿ ಇಲ್ಲದೆ ಇದ್ದಿದ್ದರೆ ಅದು ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಫಲ ಏನೆಂದರೆ, ಪರದೇಶದ ನೆಲದಲ್ಲಿ ಹದಿನಾರು ವರ್ಷ ಬಿಡುವಿಲ್ಲದೆ ಕಾದಿದ ಆ ಸೇನೆ ಒಂದೇ ಒಂದು ಸಲವೂ ಅವನ ವಿರುದ್ಧ ದಂಗೆ ಏಳಲಿಲ್ಲ, ತಮ್ಮತಮ್ಮಲ್ಲೂ ಕಾದಾಡಲಿಲ್ಲ. ಕಾನೂನು, ನಡೆನುಡಿ, ಭಾಷೆ ಯಾವುದೂ ಒಂದಾಗಿರದ ಜನ ಒಬ್ಬನ ಮಾತಿಗೆ ಕಿವಿಗೊಟ್ಟರಲ್ಲ ಎಂದು ಪಾಲಿಬಿಯಸ್ ಬೆರಗಾಗುತ್ತಾನೆ. ಪಕ್ಷ ಬಿಟ್ಟು ಹೋದವರು ಇದ್ದರು, ಕ್ರಿ.ಪೂ. 215ರಲ್ಲಿ ನೋಲಾದ ಬಳಿ ನುಮಿಡಿಯ ಮತ್ತು ಸ್ಪೇನಿನ ನೂರಾರು ಸವಾರರು ರೋಮನ್ನರ ಕಡೆ ಸೇರಿಕೊಂಡರು. ಆದರೆ ಅದು ಸೋರಿಕೆ, ಒಡಕಲ್ಲ. ಹೋಲಿಕೆಗೆ ಎದುರು ಪಾಳೆಯವನ್ನು ನೋಡಿ. ಕ್ರಿ.ಪೂ. 206ರಲ್ಲಿ ಸ್ಪೇನಿನ ಸುಕ್ರೊ ಬಿಡಾರದಲ್ಲಿ, ಸೇನಾಪತಿ ಸಿಪಿಯೊ ಕಾಯಿಲೆ ಬಿದ್ದ ಸುದ್ದಿ ಕೇಳಿ, ಬಾಕಿ ಸಂಬಳದ ಸಿಟ್ಟಿನಲ್ಲಿ ರೋಮಿನ ಸುಮಾರು 8,000 ಸೈನಿಕರು ದಂಗೆ ಎದ್ದರು. 35 ಮುಖಂಡರ ತಲೆ ಉರುಳಿದ ಮೇಲೆ ಅದು ತಣ್ಣಗಾಯಿತು. ನಿಷ್ಠೆಯ ಪರೀಕ್ಷೆಯಲ್ಲಿ ‘ಬಾಡಿಗೆಯವರು’ ಗೆದ್ದರು, ತವರಿಗಾಗಿ ಕಾದುವವರು ಎಡವಿದರು.

ಹಾಗಾದರೆ ಸೋತದ್ದೇಕೆ? ಅವನ ಸೇನೆ ಅವನನ್ನು ಹಿಡಿದುಕೊಂಡು ನಿಂತಿತ್ತು, ರೋಮಿನ ಸೇನೆ ಒಂದು ಪಟ್ಟಿಯನ್ನು ಹಿಡಿದುಕೊಂಡು ನಿಂತಿತ್ತು. ರೋಮ್ ತನ್ನ ನಾಗರಿಕರ ಗಣತಿ ಇಟ್ಟಿತ್ತು. ಇಟಲಿಯ ಒಂದೊಂದು ಮಿತ್ರ ಊರೂ ಎಷ್ಟು ಆಳು ಕೊಡಬೇಕೆಂಬುದನ್ನು ಬರೆದಿಟ್ಟಿತ್ತು. ಕ್ರಿ.ಪೂ. 225ರ ಲೆಕ್ಕದಂತೆ ಆಯುಧ ಹಿಡಿಯಬಲ್ಲವರು ಏಳು ಲಕ್ಷ ಕಾಲಾಳು, ಎಪ್ಪತ್ತು ಸಾವಿರ ಸವಾರರು ಎಂದು ಪಾಲಿಬಿಯಸ್ ಹೇಳುತ್ತಾನೆ. ಕ್ಯಾನೆಯ ನಂತರ ಹದಿನೇಳರ ಹುಡುಗರನ್ನೂ ಬಿಡದೆ ಸೇರಿಸಿಕೊಂಡರು. ಸರ್ಕಾರದ ಹಣದಿಂದ 8,000 ಗುಲಾಮರನ್ನು ಕೊಂಡು ಅವರ ಕೈಗೆ ಆಯುಧ ಕೊಟ್ಟರು. ಸಾಲಗಾರರನ್ನೂ ಅಪರಾಧಿಗಳನ್ನೂ ಬಿಡುಗಡೆ ಮಾಡಿ ಗಾಲರಿಂದ ಹಿಂದೆ ಗೆದ್ದಿದ್ದ ಆಯುಧಗಳನ್ನು ತೊಡಿಸಿದರು. ನಾಲ್ಕು ವರ್ಷದೊಳಗೆ ರೋಮಿನ ಕೈಯಲ್ಲಿ ತಲಾ ಸಾವಿರಾರು ಆಳುಗಳ 25 ಲೀಜನ್‌ಗಳಿದ್ದವು. ಯಾವ ಸೇನಾಪತಿ ಸತ್ತರೂ ಪಟ್ಟಿ ಸಾಯುವುದಿಲ್ಲ. ಕ್ರಿ.ಪೂ. 209ರಲ್ಲಿ ರೋಮಿಗೆ ಆಳು ಕೊಡುತ್ತಿದ್ದ ಮೂವತ್ತು ಲ್ಯಾಟಿನ್ ವಸಾಹತುಗಳ ಪೈಕಿ ಹನ್ನೆರಡು ‘ಇನ್ನು ಆಳೂ ಇಲ್ಲ, ಹಣವೂ ಇಲ್ಲ’ ಎಂದು ಕೈಚೆಲ್ಲಿದವು. ಹ್ಯಾನಿಬಾಲ್ ಕಾಯುತ್ತಿದ್ದದ್ದು ಇಂಥ ಗಳಿಗೆಗೇ. ಆದರೆ ಉಳಿದ ಹದಿನೆಂಟು ಕೊಡುತ್ತಲೇ ಹೋದವು.

ಇತ್ತ ಅವನಿಗೆ ಕಡಲಿನಿಂದ ಬಂದ ಗಣನೀಯ ನೆರವು ಕ್ರಿ.ಪೂ. 215ರಲ್ಲಿ ಲೊಕ್ರಿಯಲ್ಲಿ ಇಳಿದದ್ದು ಒಂದೇ. ಇಟಲಿಗೆ ಹೊರಡಲಿದ್ದ ಮಾಗೋನ ಪಡೆಯನ್ನು ಕಾರ್ತೇಜ್ ಸ್ಪೇನಿಗೆ ತಿರುಗಿಸಿತು. ಅವನ ಕಡೆ ಬಂದ ಕಾಪುವಾ, ಟಾರೆಂಟಂ ಮೊದಲಾದ ಊರುಗಳು ಸೈನಿಕರನ್ನು ಕೊಡುವ ಬದಲು ರಕ್ಷಣೆ ಕೇಳಿದವು. ರೋಮಿನ ಮುದುಕ ಸೇನಾಪತಿ ಫೇಬಿಯಸ್ ಎದುರಿಗೆ ಬಾರದೆ ನೆರಳಿನಂತೆ ಹಿಂಬಾಲಿಸಿದ. ಕಾಪುವಾ ಕ್ರಿ.ಪೂ. 211ರಲ್ಲಿ ಬಿತ್ತು, ಟಾರೆಂಟಂ 209ರಲ್ಲಿ. ಅವನ ಇನ್ನೊಬ್ಬ ತಮ್ಮ ಹಸ್ದ್ರುಬಾಲ್ ಹೊಸ ಸೇನೆಯೊಡನೆ ಆಲ್ಪ್ಸ್ ದಾಟಿ ಬಂದದ್ದು 207ರಲ್ಲಿ. ಮೆಟಾರಸ್ ನದಿಯ ದಡದಲ್ಲಿ ಅವನು ಸತ್ತ ಸುದ್ದಿ ಅಣ್ಣನಿಗೆ ತಲುಪಿದ್ದು, ರೋಮನ್ನರು ಬಿಡಾರದ ಮುಂದೆ ಎಸೆದ ತಲೆಯಿಂದ. ಅದನ್ನು ಹೀಗೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವುದು ನನಗೆ ಕಷ್ಟ, ಆದರೂ ನಿಮ್ಮ ಪ್ರಶ್ನೆಗೆ ಮರಳಬೇಕು.

ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಕ್ರಿ.ಪೂ. 202ರ ಜಾಮಾ ಯುದ್ಧದಲ್ಲಿದೆ. ಸಿಪಿಯೊ ಆಫ್ರಿಕಕ್ಕೆ ಇಳಿದದ್ದರಿಂದ ಕಾರ್ತೇಜ್ ಹಿಂದಿನ ವರ್ಷವಷ್ಟೇ ಹ್ಯಾನಿಬಾಲನನ್ನು ಕರೆಸಿಕೊಂಡಿತ್ತು. ಅವನು ನಿಲ್ಲಿಸಿದ್ದು ಮೂರು ಸಾಲು. ಮೊದಲನೆಯದು ಲಿಗುರಿಯದವರು, ಗಾಲರು, ಬಾಲಿಯಾರಿಕ್‌ನವರು, ವಾಯವ್ಯ ಆಫ್ರಿಕದ ಮೂರ್ ಜನರು ಸೇರಿದ 12,000 ಬಾಡಿಗೆ ಸೈನಿಕರದು. ಎರಡನೆಯದು ಲಿಬಿಯನ್ನರದು ಮತ್ತು ಕಾರ್ತೇಜಿನ ನಾಗರಿಕರದು. ಮೂರನೆಯದು ಇಟಲಿಯಿಂದ ತನ್ನ ಜೊತೆ ಬಂದವರದು. ದಕ್ಷಿಣ ಇಟಲಿಯಲ್ಲಿ ಸೇರಿದ ಬ್ರೂಟಿಯನ್ನರೂ ಅವರಲ್ಲಿದ್ದರು. ಅಂದರೆ ಮೊದಲ ಎರಡು ಸಾಲಿನವರು ಅವನ ಜೊತೆ ಬಾಳಿದವರೇ ಅಲ್ಲ. ಯುದ್ಧಕ್ಕೆ ಮುನ್ನ ಆ ಸಾಲುಗಳಿಗೆ ಮಾತಾಡುವ ಕೆಲಸವನ್ನು ಅವರವರ ನಾಯಕರಿಗೆ ಬಿಟ್ಟು, ಅವನು ಮೂರನೆಯ ಸಾಲಿನವರ ಬಳಿಗೆ ನಡೆದುಹೋಗಿ, ಹದಿನೇಳು ವರ್ಷದ ಒಡನಾಟವನ್ನು ನೆನಪಿಸಿದ.

ಸೇನೆಗಳು ಹತ್ತಿರ ಬಂದಾಗ ರೋಮನ್ನರು ಒಂದೇ ದನಿಯಲ್ಲಿ ಕೂಗಿದರು. ಎದುರಿನ ಮೊದಲ ಸಾಲಿನಿಂದ ಎದ್ದದ್ದು ಹಲವು ಭಾಷೆಗಳ ಕಲಸುಮೇಲೋಗರದ ಕೂಗು. ಪಾಲಿಬಿಯಸ್ ಇಲ್ಲಿ ಹೋಮರನ ಸಾಲೊಂದನ್ನು ನೆನೆಯುತ್ತಾನೆ. ಮೊದಲ ಸಾಲು ಚೆನ್ನಾಗಿಯೇ ಕಾದಿತು. ಎರಡನೆಯ ಸಾಲು ನೆರವಿಗೆ ಬರುತ್ತಿಲ್ಲ, ನಮ್ಮನ್ನು ಬಲಿಗೊಟ್ಟರು ಎಂದುಕೊಂಡ ಅವರು ಹಿಂದಿರುಗಿ ತಮ್ಮ ಕಡೆಯವರ ಮೇಲೆಯೇ ಬಿದ್ದರು. ಸಿಕ್ಕಾದ ಬಯಲಿನಲ್ಲಿ ನಡೆದದ್ದು ಮತ್ತೆ ನಡೆಯಿತು. ಇಟಲಿಯ ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಆಗದ್ದು, ಅವನು ಹೆಚ್ಚು ಕಾಲ ಜೊತೆಯಲ್ಲಿ ಕಳೆಯದ ಸೈನಿಕರ ನಡುವೆ ಒಂದೇ ದಿನದಲ್ಲಿ ಆಗಿಹೋಯಿತು.

ಓಡಿಬಂದವರು ಮೂರನೆಯ ಸಾಲಿಗೆ ನುಗ್ಗದಂತೆ ಹ್ಯಾನಿಬಾಲ್ ಈಟಿಗಳನ್ನು ಮುಂದಕ್ಕೆ ಬಾಗಿಸಲು ಹೇಳಿದ. ಹೆಣ, ರಕ್ತ, ಬಿದ್ದ ಆಯುಧಗಳಿಂದ ನೆಲ ಕಾಲಿಡಲು ಬಾರದಂತಾಗಿತ್ತು. ಸಿಪಿಯೊ ತನ್ನ ಸಾಲುಗಳನ್ನು ಮತ್ತೆ ಒಂದುಗೂಡಿಸಿಕೊಂಡು ಬಂದ. ಎರಡೂ ಕಡೆಯವರು ಸಂಖ್ಯೆಯಲ್ಲಿ, ಆಯುಧದಲ್ಲಿ, ಕೆಚ್ಚಿನಲ್ಲಿ ಸಮ ಎನ್ನುವಂತಿದ್ದರು, ನಿಂತ ಕಡೆಯೇ ನಿಂತು ಕಾದು ಸತ್ತರು ಎಂದು ಪಾಲಿಬಿಯಸ್ ಬರೆಯುತ್ತಾನೆ. ಯಾರ ಕೈ ಮೇಲು ಎಂದು ತೀರ್ಮಾನವಾಗದೆ ಇದ್ದಾಗ, ಹ್ಯಾನಿಬಾಲನ ಸವಾರರನ್ನು ಬೆನ್ನಟ್ಟಿ ಹೋಗಿದ್ದ ರೋಮಿನ ಸವಾರರೂ, ರೋಮಿನ ಕಡೆ ಸೇರಿದ್ದ ಅರಸ ಮಸಿನಿಸ್ಸನ ನುಮಿಡಿಯದ ಸವಾರರೂ ಹಿಂದಿರುಗಿ, ಇಟಲಿಯ ಆ ದಂಡಿನ ಬೆನ್ನ ಮೇಲೆ ಬಿದ್ದರು. ಅವರಲ್ಲಿ ಹೆಚ್ಚಿನವರು ಸಾಲಿನಲ್ಲಿ ನಿಂತ ಜಾಗದಲ್ಲೇ ಹತರಾದರು.